ಒಂದು ಚೆಂಬು ಸಾರಾಯಿ

ಬೆಟ್ಟದ ಬುಡದ ಹಟ್ಟಿಯಲ್ಲಿ ಸಣ್ಣತಾಯಮ್ಮ ಕಳ್ಳಭಟ್ಟಿ ಇಳಿಸುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು. ಹೊಸದಾಗಿ ಬಂದ ಅಬಕಾರಿ ಸಾಹೇಬರು ಅದನ್ನು ಸಾಬೀತು ಮಾಡಲೇಬೇಕೆಂದು ಹಟ ತೊಟ್ಟರು. ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದು ಮನೆಯೆಲ್ಲ ಜಾಲಾಡಿಸಿದರು. ಸಿಕ್ಕಿದ್ದು ಒಲೆಯ ಹಿಂದಿದ್ದ ಒಂದೇ ಒಂದು ಚೆಂಬು.

"ನಡಿ ಜೈಲಿಗೆ! ನಿನ್ನ ಗಂಡನೂ ಹತ್ತಲಿ ಜೀಪು!"

ಕಾಯಿಲೆಯ ಗಂಡ ಜಗಲಿಯಲ್ಲೇ ಗೋಡೆ ಹಿಡಿದು ಏಳಲು ನೋಡಿದ. ಸಣ್ಣತಾಯಮ್ಮ ಸೆರಗು ಬಿಗಿದು, "ಅದು ಮಂಡಿನೋವಿನ ಕಷಾಯ ಬುದ್ಧಿ," ಎಂದಳು.

ಸಾಹೇಬರು ದೊಡ್ಡ ಗುಟುಕೊಂದನ್ನು ಕುಡಿದು ತುಟಿ ಚಪ್ಪರಿಸಿದರು. "ಕಷಾಯವಂತೆ! ಅಪ್ಪಟ ಸಾರಾಯಿ!"

"ಬರೀ ಬಾಯಿಮಾತು ಯಾರು ನಂಬ್ತಾರೆ? ಸಾರಾಯಾದ್ರೆ ಉರೀಬೇಕು. ಊರೋರ ಮುಂದೆ ಹಚ್ಚಿ ತೋರ್ಸಿ. ಉರಿದ್ರೆ ನೀವು ಗೆದ್ದಂಗೆ."

ಅಂಗಳದಲ್ಲಿ ಜನ ಸೇರಿದ್ದರು. ಸಾಹೇಬರು ಹಿಂಜರಿಯುವಂತಿರಲಿಲ್ಲ. ತಟ್ಟೆಗೆ ಚೂರು ಸುರಿದು ಕಡ್ಡಿ ಗೀರಿದರು. ಬಿಸಿಲಲ್ಲಿ ಆ ಉರಿ ಯಾರ ಕಣ್ಣಿಗೂ ಬೀಳಲಿಲ್ಲ.

"ಏನೂ ಕಾಣ್ಲಿಲ್ವಲ್ಲ ಬುದ್ಧಿ."

ರೇಗಿದ ಸಾಹೇಬರು ಚೆಂಬನ್ನು ಮನೆಯೊಳಗಿನ ಕತ್ತಲಿಗೆ ಒಯ್ದು, ಪೂರ್ತಿ ಬೋಗುಣಿಗೆ ಸುರಿದು ಹಚ್ಚಿದರು. ನೀಲಿ ಉರಿ ಭಗ್ಗನೆ ಎದ್ದಿತು. ಅದು ಆರುವವರೆಗೂ ಜನ ಬಾಗಿಲಲ್ಲಿ ಇಣುಕಿ ನೋಡಿದರು.

"ನೋಡಿದಿರಾ! ಸಾರಾಯಿ!"

"ಗೆದ್ರಿ ಬುದ್ಧಿ. ಈಗ ಕೋರ್ಟಿಗೆ ಏನು ತಗೊಂಡು ಹೋಗ್ತೀರಿ?"

ಬೋಗುಣಿಯ ತಳದಲ್ಲಿ ಚೂರು ನೀರಷ್ಟೇ ಉಳಿದಿತ್ತು. ಸಾಹೇಬರು ಬೋಗುಣಿ ಓರೆ ಮಾಡಿ ನೋಡಿದರು. "ನಾನೇ ಸಾಕ್ಷಿ ಹೇಳ್ತೀನಿ."

"ಹೇಳಿ. ಹಿಡಿದ ಮಾಲಲ್ಲಿ ಒಂದಿಷ್ಟು ಕುಡಿದೆ, ಮಿಕ್ಕಿದ್ದನ್ನ ಸುಟ್ಟೆ ಅಂತ ಜಡ್ಜ್ ಸಾಹೇಬ್ರಿಗೆ ಹೇಳಿ."

ಜನ ಗೊಳ್ಳೆಂದರು. ಸಾಹೇಬರು ಬರಿಗೈಯಲ್ಲೇ ಜೀಪು ಹತ್ತಿ ಹೊರಟರು. ಅದು ಕಣ್ಮರೆಯಾದ ಮೇಲಷ್ಟೇ ಸಣ್ಣತಾಯಮ್ಮ ಗಂಡನ ಪಕ್ಕ ಕುಸಿದು ಕೂತು, ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.