ದುರ್ಬೀನಿನೊಳಗಿನ ಹೊಗೆ

ಮೈಸೂರಿನ ಲಿಂಗರಾಜೇ ಅರಸರಿಗೆ ಹಳೇ ದುರ್ಬೀನುಗಳ ಹುಚ್ಚು. ಅದೂ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಕೊರಳಿಗೆ ಹಾಕಿಕೊಂಡಿದ್ದೇ ಆಗಬೇಕು. ಅಂಥವು ಏಳು ಕೂಡಿಟ್ಟಿದ್ದರು. ಯುದ್ಧ ಗೆದ್ದವರು ತಾವೇ ಎಂಬಂತೆ ಮೆರೆಯುತ್ತಿದ್ದರು.

ಒಂದು ದಿನ, ಇದೇ ಹುಚ್ಚು ಹತ್ತಿದ್ದ ಬೋಪಯ್ಯನವರು ಮಡಿಕೇರಿಯಿಂದ ನೋಡಲು ಬರುವವರಿದ್ದರು. "ಆ ದೊಡ್ಡ ಹಿತ್ತಾಳೆಯದು ಫಳಫಳ ಅನ್ನಬೇಕು!" ಎಂದು ಅರಸರು ಆಳು ಜವರಯ್ಯನಿಗೆ ಅಪ್ಪಣೆ ಮಾಡಿದರು. ಹಿತ್ತಾಳೆ ಹೊಳೆಯಿಸಲು ಜವರಯ್ಯನಿಗೆ ಗೊತ್ತಿದ್ದ ದಾರಿ ಒಂದೇ. ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಹಿತ್ತಾಳೆಯೇನೋ ಹೊಳೆಯಿತು. ಆದರೆ ಹುಳಿನೀರು ಒಳಗಿಳಿದು ಗಾಜೆಲ್ಲ ಮಬ್ಬಾಯಿತು.

ಅರಸರು ಕಣ್ಣಿಟ್ಟು ನೋಡಿದರು, ಮೂಸಿದರು, ಕೆಂಡವಾದರು. "ಅಯೋಗ್ಯ! ಅವರ ಮುಂದೆ ನನ್ನ ಮಾನ ಹೋದರೆ ನಿನ್ನ ಕೆಲಸವೂ ಹೋಯಿತು ಅಂತ ತಿಳಿ!"

ಅಷ್ಟರಲ್ಲಿ ಬೋಪಯ್ಯನವರು ಬಂದೇಬಿಟ್ಟರು. ದುರ್ಬೀನು ಎತ್ತಿ ನೋಡಿದರು. "ಏನ್ರೀ ಇದು? ಬರೀ ಮಬ್ಬು!"

ಅರಸರು ಬಾಯಿ ತೆರೆಯುವ ಮೊದಲೇ ಜವರಯ್ಯ ಕೈಮುಗಿದ.

"ಮಬ್ಬಲ್ಲ ಬುದ್ಧೀ, ಹೊಗೆ. ಫಿರಂಗಿ ಹಾರಿಸುವಾಗ ಒಳಗೆ ಸೇರಿಕೊಂಡದ್ದು, ಇನ್ನೂ ಹೊರಗೆ ಬಂದಿಲ್ಲ."

ಬೋಪಯ್ಯನವರು ಮತ್ತೆ ಕಣ್ಣಿಟ್ಟರು. ಈ ಸಲ ಭಕ್ತಿಯಿಂದ. "ನನ್ನ ಹತ್ತು ದುರ್ಬೀನಿನಲ್ಲಿ ಒಂದರಲ್ಲೂ ಹೊಗೆಯಿಲ್ಲವಲ್ಲ!"

"ಅವು ಹಿಂದಿನ ಸಾಲಿನಲ್ಲಿ ನಿಂತಿದ್ದವೇನೋ ಬುದ್ಧೀ."

ಬೋಪಯ್ಯನವರು ಕಾಫಿಯನ್ನೂ ಕುಡಿಯದೆ, ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಅರಸರು ಖುದ್ದಾಗಿ ಅಡುಗೆಮನೆಗೆ ಬಂದರು. ಕೊರಳಲ್ಲಿ ಉಳಿದ ಆರು ದುರ್ಬೀನು, ಕೈಯಲ್ಲಿ ಹುಣಸೆಹಣ್ಣಿನ ಉಂಡೆ.

"ಜವರಯ್ಯ, ಇವನ್ನೂ ಒಂದ್ಸಲ ಯುದ್ಧಕ್ಕೆ ಕಳಿಸಪ್ಪ," ಎಂದರು.