ಸೈಕಲ್ ಮನೆಯ ಬೋಲ್ಟು

ಆ ಹಳೆಯ ಕಾರಿನ ಬಾಗಿಲಮ್ಮನದು ಮೂರು ತಲೆಮಾರಿನ ಮದುಮಕ್ಕಳನ್ನು ಹತ್ತಿಸಿ ಇಳಿಸಿದ, ಯಾರಿಂದಲೂ ಒಂದು ಮಾತು ಕೇಳದ ಮನೆತನ. ರಿಪೇರಿಯ ದಿನ ಅವಳ ನಾಲ್ಕು ಬೋಲ್ಟುಗಳಲ್ಲಿ ಒಂದು, ಮೆಕ್ಯಾನಿಕ್ ಬಿಚ್ಚಿ ಹಾಕಿಟ್ಟಿದ್ದ ತೆಂಗಿನ ಚಿಪ್ಪಿನಿಂದ ಉರುಳಿ ಚರಂಡಿ ಸೇರಿತು. ಅವನು ಹಳೆಯ ಸೈಕಲ್ಲಿನದೊಂದನ್ನು ತಂದು ಬಿಗಿದ.

"ಕಾರಿನವರ ಪಕ್ಕ ಕೂರುವಷ್ಟು ದೊಡ್ಡವನಾದೆಯೇನೋ?" ಎಂದವು ಉಳಿದ ಮೂರು.

"ಜಾಗ ಖಾಲಿ ಇತ್ತು, ಅಣ್ಣಂದಿರೇ. ಅಮ್ಮ ಬೀಳದಿದ್ದರೆ ಸಾಕು," ಎಂದಿತು ಹೊಸದು.

ಅದರ ಜೊತೆ ಇರಲಾರೆವೆಂದು ಮೂರೂ ಮುಖ ತಿರುಗಿಸಿ ಸಡಿಲವಾದವು. ಘಾಟಿಯ ತಿರುವುಗಳಲ್ಲಿ ಬಾಗಿಲಮ್ಮನನ್ನು ಕಚ್ಚಿ ಹಿಡಿದದ್ದು ಸೈಕಲ್ ಬೋಲ್ಟೊಂದೇ.

ಕಾರು ನಿಂತ ಮೇಲೆ ಬಾಗಿಲಮ್ಮ ಹೇಳಿದಳು: "ಮಗೂ, ನನ್ನ ಮಾನ, ಪ್ರಾಣ ಎರಡೂ ಉಳಿಸಿದೆ. ನಿನ್ನ ಉಪಕಾರ ಮರೆಯುವುದಿಲ್ಲ. ಇನ್ನು ನೀನು ನಮ್ಮ ಮನೆಯವನು." ಆಮೇಲೆ ಮೂವರತ್ತ ನೋಡಿದಳು.

"ನೀವು ಇವನ ಕ್ಷಮೆ ಕೇಳಿ. ಈಗಲೇ."