ಎರಡು ಬಾಗಿಲ ಮನೆಯ ತೊಲೆ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಸೋದರಮಾವ ಜೀತ ಬಿಟ್ಟು ಹನ್ನೆರಡು ವರ್ಷವಾಯಿತು. ಈಗ ಅವನಿಗೆ ಸ್ವಂತ ಹೊಲವಿದೆ, ಸ್ವಂತ ಎತ್ತುಗಳಿವೆ. ಆದರೂ ಆ ಹಳೆಯ ಧಣಿಯ ಮನೆಯ ಮುಂದೆ ಹಾದುಹೋಗುವಾಗ ಕಾಲಿನ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿಯುತ್ತಾನೆ. ಹಿಡಿ ಎಂದು ಯಾರೂ ಹೇಳುವುದಿಲ್ಲ. ನೋಡಿದರೆ ನನಗೆ ಮೈ ಉರಿಯುತ್ತದೆ. ಕಟ್ಟು ಬಿಚ್ಚಿದ ಮೇಲೂ ಮನುಷ್ಯ ಯಾಕೆ ಹೀಗೆ ಬಗ್ಗುತ್ತಾನೆ?"

ಗುರುಗಳು ಮಠದೊಳಗೆ ಚಾಪೆಯ ಮೇಲೆ ಕೂತಿದ್ದರು. ಶಿಷ್ಯ ಹೊಸ್ತಿಲ ಆಚೆ, ಜಗಲಿಯ ಮೇಲೆ ಕೂತಿದ್ದ. ಗುರುಗಳು ಅವನನ್ನು ನೋಡಿ, ನಮ್ಮೂರ ಕತೆ ಹೇಳಿದರೆ ಅದು ಯಾರ ಮನೆಯದೆಂದು ಹುಡುಕಲು ಹೊರಡುತ್ತೀಯ, ಅದಕ್ಕೆ ದೂರದ್ದೊಂದು ಹೇಳುತ್ತೇನೆ ಎಂದರು.

ಇಟಲಿ ದೇಶದ ಗುಡ್ಡದ ಸೀಮೆಯಲ್ಲಿ ಒಂದು ಕಲ್ಲಿನ ಮನೆಯಿತ್ತು. ಹೊಲವೂ ಧಣಿಯದು, ಮನೆಯೂ ಧಣಿಯದು. ಅದರಲ್ಲಿದ್ದು ಹೊಲ ಉಳುತ್ತಿದ್ದವನು ಒಬ್ಬ ಒಕ್ಕಲು. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಅರ್ಧ ಅವನಿಗೆ. ಮನೆಗೆ ಎರಡು ಬಾಗಿಲು. ಮುಂದಿನದು ಎತ್ತರದ್ದು, ಸುತ್ತಲೂ ಕೆತ್ತಿದ ಕಲ್ಲು. ಅದು ಧಣಿಗೆ ಮೀಸಲು. ವರ್ಷಕ್ಕೆ ಎರಡು ದಿನ, ಗೋಧಿ ಪಾಲು ಮಾಡುವಾಗ ಮತ್ತು ದ್ರಾಕ್ಷಿ ಪಾಲು ಮಾಡುವಾಗ, ಅವನು ಬಂದರೆ ಅದು ತೆರೆಯುತ್ತಿತ್ತು. ಉಳಿದ ದಿನ ಬೀಗ. ಒಕ್ಕಲಿನವರು ಹಿಂದುಗಡೆಯ ಕೊಟ್ಟಿಗೆಯ ಗಿಡ್ಡ ಬಾಗಿಲಿನಲ್ಲಿ ತಲೆ ತಗ್ಗಿಸಿ ನುಗ್ಗಬೇಕು, ದನಗಳ ಪಕ್ಕದಲ್ಲಿ ಹಾಯಬೇಕು, ಆಮೇಲೆ ಮನೆಯೊಳಗಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ತಿರುಗಿ ನಡುಮನೆಗೆ ಬರಬೇಕು. ಆ ಧಣಿಯ ಒಕ್ಕಲುಮನೆಗಳಲ್ಲೆಲ್ಲ ಇದೇ ಪದ್ಧತಿ.

ಒಮ್ಮೆ ಒಕ್ಕಲಿನ ತಾಯಿ ತೀರಿಕೊಂಡಳು. ಅವರಲ್ಲಿ ಶವವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾರೆ. ಖಾಲಿ ಪೆಟ್ಟಿಗೆಯನ್ನು ಓಣಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ಹೆಣವಿದ್ದ ಪೆಟ್ಟಿಗೆಯನ್ನು ನಿಲ್ಲಿಸುವುದು ಹೇಗೆ? ಅದು ಓಣಿಯಲ್ಲಿ ತಿರುಗಲಿಲ್ಲ. ಒಕ್ಕಲು ಧಣಿಯ ಪಾರುಪತ್ಯಗಾರನ ಹತ್ತಿರ ಹೋಗಿ ಮುಂಬಾಗಿಲು ತೆರೆಯಬೇಕೆಂದು ಬೇಡಿಕೊಂಡ. ಬೀಗದ ಕೈ ಧಣಿಯ ಹತ್ತಿರವಿದೆ, ಧಣಿ ಪಟ್ಟಣದಲ್ಲಿದ್ದಾರೆ, ಬೇಕಿದ್ದರೆ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸಿಕೋ ಎಂದು ಅವನು ಹೇಳಿದ. ಒಕ್ಕಲು ಮನೆಗೆ ಬಂದ, ಕೊಡಲಿ ಎತ್ತಿಕೊಂಡ, ಬೀಗ ಒಡೆದ. ಹೆತ್ತ ತಾಯಿಯನ್ನು ಮುಂಬಾಗಿಲಿನಿಂದಲೇ ಹೊತ್ತುಕೊಂಡು ಹೋದ. ಆ ವರ್ಷ ಚಳಿಗಾಲ ಹಿಡಿಯುವ ಮುಂಚೆ ಅವನ ಸಂಸಾರವನ್ನು ಮನೆಯಿಂದ ಎಬ್ಬಿಸಿದರು. ಅವನ ಮಗಳಿಗೆ ಆಗ ಒಂಬತ್ತು ವರ್ಷ. ಗಾಡಿಯ ಹಿಂದೆ ನಡೆಯುತ್ತ ಅವಳು ಆ ಬಾಗಿಲನ್ನು ತಿರುತಿರುಗಿ ನೋಡಿದಳು. ಒಂದು ದಿನ ಆ ಬಾಗಿಲಿನಿಂದ ಒಳಗೆ ಹೋಗಿಯೇ ತೀರುತ್ತೇನೆ ಎಂದುಕೊಂಡಳು.

ಐವತ್ತು ವರ್ಷ ಅವಳು ಪಟ್ಟಣದಲ್ಲಿ ಕಂಡವರ ಬಟ್ಟೆ ಒಗೆದಳು, ಇಸ್ತ್ರಿ ಹಾಕಿದಳು. ಆ ಛಲ ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಕಾಲ ಬದಲಾಯಿತು. ಅರ್ಧ ಪಾಲಿನ ಪದ್ಧತಿ ಹೋಯಿತು, ಒಕ್ಕಲುಗಳು ಗುಡ್ಡ ಇಳಿದು ಹೋದರು, ಮನೆಗಳು ಪಾಳು ಬಿದ್ದವು. ಅವಳು ಹುಟ್ಟಿದ ಮನೆಯ ನಡುಮನೆಯಲ್ಲಿ ಅಂಜೂರದ ಗಿಡ ಬೆಳೆದಿತ್ತು. ಧಣಿಯ ಮೊಮ್ಮಗ ಆ ಮನೆಯನ್ನು ಮಾರುತ್ತಾನೆಂದು ತಿಳಿದು ಅವಳು ಹೋಗಿ ಕೊಂಡಳು. ಈ ವಯಸ್ಸಿನಲ್ಲಿ ಹಾಳು ಗೋಡೆ ಕಟ್ಟಿಕೊಂಡು ಏನು ಮಾಡುತ್ತೀ ಎಂದು ಎಲ್ಲರೂ ಕೇಳಿದರು. ವಾಸ ಮಾಡುತ್ತೇನೆ ಎಂದಳು. ಮೊಮ್ಮಗ ಕಬ್ಬಿಣದ ಬೀಗದ ಕೈ ಅವಳ ಕೈಗಿಟ್ಟು, ಈ ಬೀಗವನ್ನು ಯಾವಾಗಲೋ ಯಾರೋ ಒಡೆದಿದ್ದಾರಂತೆ, ಸರಿಯಾಗಿ ಕೂರುವುದಿಲ್ಲ ಎಂದ. ಯಾರು ಒಡೆದರೆಂದು ಅವಳಿಗೆ ಗೊತ್ತಿತ್ತು.

ಮನೆ ರಿಪೇರಿಗೆ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದಳು. ಅವನೂ ಪಕ್ಕದ ಗುಡ್ಡದ ಒಕ್ಕಲಿನ ಮಗ, ಅದೇ ಧಣಿಯ ಇನ್ನೊಂದು ಒಕ್ಕಲುಮನೆಯಲ್ಲಿ ಹುಟ್ಟಿದವನು. ಎಲ್ಲಕ್ಕಿಂತ ಮೊದಲು ಅವಳು ಮುಂಬಾಗಿಲನ್ನು ಸರಿಮಾಡಿಸಿದಳು. ತಿರುಗುಣಿಗೆ ಎಣ್ಣೆ, ಹಲಗೆಗೆ ಬಣ್ಣ, ಬೀಗಕ್ಕೆ ರಿಪೇರಿ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮಾಡಿನ ಕೆಲಸ, ಆಮೇಲೆ ಗೋಡೆ. ಮೇಸ್ತ್ರಿ ಕಲ್ಲು ಬಲ್ಲವನು. ಇಂಥ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಗೋಡೆ ಕೊಳೆಯುತ್ತದೆ ಎಂದು, ತಡವಾದರೂ ಸುಣ್ಣದ ಗಾರೆಯಲ್ಲೇ ಮುಗಿಸಿದ. ಕೊನೆಗೆ ನಡುಮನೆಯ ತೊಲೆ ಉಳಿಯಿತು. ಹಳೆಯದನ್ನು ಹುಳು ತಿಂದಿತ್ತು. ಹೊಸದಕ್ಕೆ ಒಂದು ಇಡೀ ಮರವೇ ಬಂತು. ಆಳುಗಳು ಅದನ್ನು ಹೊತ್ತು ಕೊಟ್ಟಿಗೆಯ ಬಾಗಿಲಿನಲ್ಲಿ ನುಗ್ಗಿಸಿದರು. ಓಣಿಯಲ್ಲಿ ತೊಲೆ ತಿರುಗಲಿಲ್ಲ. ಮೇಸ್ತ್ರಿ ಹಿಂದೆ ಮುಂದೆ ಅಳೆದು ನೋಡಿದ, ತಲೆ ಕೆರೆದುಕೊಂಡ, ಗರಗಸ ತರಿಸಿ ತೊಲೆಯನ್ನು ಎರಡು ತುಂಡು ಮಾಡಿಸಿದ. ಒಳಗೆ ತಂದು ತುಂಡುಗಳನ್ನು ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಮೇಲೇರಿಸಿದ. ಮೂರು ದಿನದ ಕೆಲಸ. ಜೋಡಣೆ ಅಚ್ಚುಕಟ್ಟಾಗಿ ಕೂತಿತ್ತು. ಅವಳು ಪಕ್ಕದಲ್ಲೇ ನಿಂತು ನೋಡಿದಳು, ಆಳುಗಳಿಗೆ ರೊಟ್ಟಿ ಕೊಟ್ಟಳು, ಕೆಲಸ ಚೆನ್ನಾಗಿದೆ ಎಂದು ಹೊಗಳಿದಳು.

ಅಟ್ಟಕ್ಕೆ ಹಲಗೆ ಹಾಸಿ ಮುಗಿದ ದಿನ ಧಣಿಯ ಮೊಮ್ಮಗ ಮನೆ ನೋಡಲು ಬಂದ. ಕೆಟ್ಟವನಲ್ಲ. ಬೀಗ ಹಾಕಿರದ ಮುಂಬಾಗಿಲಿಗೆ ಕೈ ಹಾಕಿ ತಳ್ಳಿಕೊಂಡು ನೇರವಾಗಿ ನಡುಮನೆಗೆ ಬಂದ. ತಲೆ ಎತ್ತಿ ನೋಡಿ, "ಇಷ್ಟು ಒಳ್ಳೆಯ ಮರವನ್ನು ಯಾಕೆ ತುಂಡು ಮಾಡಿದಿರಿ?" ಎಂದು ಕೇಳಿದ.

"ಓಣಿಯಲ್ಲಿ ತಿರುಗಲಿಲ್ಲ, ಧಣಿ," ಎಂದ ಮೇಸ್ತ್ರಿ.

"ಓಣಿಗೆ ಯಾಕೆ ಹೋದಿರಿ? ಈ ಬಾಗಿಲಿತ್ತಲ್ಲ."

ಅವನು ಚುಚ್ಚಿ ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮನೆ ಚೆನ್ನಾಗಿದೆ ಎಂದು ಹೇಳಿ ಬಂದ ದಾರಿಯಲ್ಲೇ ಹೊರಟುಹೋದ.

ಅವಳು ನೆಲ ನೋಡಿದಳು. ನೆಲದ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಮುಂಬಾಗಿಲಿನಿಂದ ಬಂದ ಹೆಜ್ಜೆಗುರುತು ಒಬ್ಬನದೇ, ಧಣಿಯ ಮೊಮ್ಮಗನದು. ಓಣಿಯ ಕಡೆಯಿಂದ ಬಂದ ಹೆಜ್ಜೆಗಳಿಗೆ ಲೆಕ್ಕವಿರಲಿಲ್ಲ. ಮೇಸ್ತ್ರಿಯವು, ಆಳುಗಳವು, ಅವಳವು. ವರ್ಷವಿಡೀ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಅವಳು ಕೊಟ್ಟಿಗೆಯ ಬಾಗಿಲಿನಲ್ಲೇ ತಲೆ ತಗ್ಗಿಸಿ ಬಂದಿದ್ದಳು. ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಅಪ್ಪ ಒಂದು ಕೊಡಲಿಯಲ್ಲಿ ಮಾಡಿದ್ದನ್ನು ಅವಳು ಬೀಗದ ಕೈ ಇಟ್ಟುಕೊಂಡೂ ಮಾಡಿರಲಿಲ್ಲ.

"ತೊಲೆ ಇಳಿಸು," ಎಂದಳು.

ಮೇಸ್ತ್ರಿ ಗಾಬರಿಯಾದ. "ಅಮ್ಮ, ಚಳಿಗಾಲ ಬಂದೇಬಿಟ್ಟಿತು. ಮೇಲೆ ಹಲಗೆ ಹಾಸಿಯಾಗಿದೆ. ಈ ತೊಲೆ ನೂರು ವರ್ಷ ಅಲುಗಾಡುವುದಿಲ್ಲ, ನನ್ನ ಮಾತು ನಂಬಿ."

"ಅಲುಗಾಡುವುದಿಲ್ಲ ಅಂತ ನನಗೂ ಗೊತ್ತು. ಅದಕ್ಕೇ ಇಳಿಸು ಅಂದದ್ದು. ನಾನು ಸತ್ತ ಮೇಲೂ ಅದು ಅಲ್ಲೇ ಇದ್ದು, ಈ ಮನೆಯವರು ಹಿಂಬಾಗಿಲಿನಿಂದ ಬಂದವರು ಅಂತ ನೂರು ವರ್ಷ ಹೇಳುತ್ತಿರುತ್ತದೆ."

ತೊಲೆ ಇಳಿಯಿತು. ಮುದುಕಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಚಳಿಗಾಲವನ್ನು ಅಟ್ಟವಿಲ್ಲದ ನಡುಮನೆಯಲ್ಲಿ, ಒಲೆಯ ಮಗ್ಗುಲಲ್ಲಿ, ಕಂಬಳಿ ಹೊದ್ದು ಕಳೆದಳು. ಕೆಮ್ಮು ಹಿಡಿಯಿತು. ಹಠ ಮಾತ್ರ ಇಳಿಯಲಿಲ್ಲ.

ಚಳಿ ಮುಗಿದ ಮೇಲೆ ಇನ್ನೊಂದು ಮರ ಬಂತು. ಅವಳು ಮುಂಬಾಗಿಲಿನ ಎರಡೂ ಕದಗಳನ್ನು ಅಗಲಿಸಿ ತೆರೆದಿಟ್ಟಳು. ಎಂಟು ಆಳುಗಳು ಮರ ಹೊತ್ತಿದ್ದರು, ಮೇಸ್ತ್ರಿ ಮುಂದೆ ನಿಂತು ದಾರಿ ತೋರಿಸುತ್ತಿದ್ದ. ಹೊಸ್ತಿಲ ಹತ್ತಿರ ಬಂದಾಗ ಅವನ ಕಾಲು ನಿಂತಿತು. ಅವನ ಕೈ ತಾನಾಗಿಯೇ ತಲೆಗೆ ಹೋಗಿ ಟೊಪ್ಪಿಯನ್ನು ತೆಗೆಯಿತು.

"ಟೊಪ್ಪಿ ತಲೆಯ ಮೇಲಿರಲಿ," ಎಂದಳು ಅವಳು. "ಇದು ನನ್ನ ಮನೆ."

ಅವನು ಟೊಪ್ಪಿ ಹಾಕಿಕೊಂಡು ಒಳಗೆ ನಡೆದ. ತೊಲೆ ಎಲ್ಲೂ ತಾಗದೆ ನೆಟ್ಟಗೆ ಒಳಗೆ ಹೋಯಿತು. ಎಲ್ಲರ ಹಿಂದೆ ಅವಳು ಬಂದಳು. ಹೊಸ್ತಿಲಲ್ಲಿ ಅವಳ ಕತ್ತು ಬಗ್ಗಿತು. ತಲೆಯ ಮೇಲೆ ಮೂರು ಮೊಳ ಜಾಗವಿತ್ತು, ಆದರೂ ಬಗ್ಗಿತು. ಅವಳು ಅಂಗಳಕ್ಕೆ ವಾಪಸು ಹೋಗಿ ಮತ್ತೆ ನಡೆದು ಬಂದಳು. ಮತ್ತೆ ಬಗ್ಗಿತು. ಆಳುಗಳು ನೋಡುತ್ತಿದ್ದರು. ನೋಡಲಿ ಎಂದು ಅವಳು ಮೂರನೆಯ ಸಲ ಹೋಗಿ ಬಂದಳು. ಆ ಸಲ ಕತ್ತು ನೆಟ್ಟಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗೆಲುವಾಗಿದ್ದ. ಸೊಂಟದಲ್ಲಿ ಬೀಗದ ಕೈ ಇಟ್ಟುಕೊಂಡು ವರ್ಷವಿಡೀ ಕೊಟ್ಟಿಗೆಯಲ್ಲಿ ನುಗ್ಗಿದರಲ್ಲ, ತಡೆಯುವವರು ಯಾರೂ ಇಲ್ಲದಿದ್ದರೂ ಎದುರಿಗಿದ್ದ ಬಾಗಿಲು ಕಣ್ಣಿಗೇ ಬೀಳಲಿಲ್ಲವೇ ಎಂದು ನಕ್ಕ.

ಗುರುಗಳು ಹೇಳಿದರು: "ನೀನು ಈ ಮಠಕ್ಕೆ ಬಂದು ಆರು ವರ್ಷವಾಯಿತು, ಹೊಸ್ತಿಲ ಆಚೆ ಕೂರು ಎಂದು ನಿನಗೆ ಹೇಳಿದವರು ಯಾರು?"

ಶಿಷ್ಯನ ನಗು ನಿಂತಿತು. ಅವನು ಹೊಸ್ತಿಲನ್ನೇ ನೋಡುತ್ತ ಕೂತ.